ತಕ್ಕಡಿ ಸಾಹೇಬರ ವಾಚಿನ ವಿಚಾರಣೆ

ಗರ್ರ್... ಗರ್ರ್... ಸ್ವಲ್ಪ ಹೊತ್ತು ಮೌನ. ಮತ್ತೆ ಗರ್ರ್...

ಬೆಳಗಿನ ಕಾಫಿಗೂ ಮುಂಚೆ ಆ ಮನೆಯಲ್ಲಿ ಏಳುವ ಸದ್ದು ಇದು. ಸಾಹೇಬರು ವರಾಂಡದಲ್ಲಿ ನಿಂತು, ಕೈಗಡಿಯಾರವನ್ನು ಕಿವಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಮಗುವಿನ ಎದೆಬಡಿತ ಕೇಳುವ ಡಾಕ್ಟರಂತೆ ಕಣ್ಣು ಮುಚ್ಚಿ ಆಲಿಸುತ್ತಾರೆ. ಒಳಗೆ ಅರ್ಧಚಂದ್ರದ ಆಕಾರದ ಒಂದು ಲೋಹದ ತುಣುಕಿದೆ. ಕೈ ಆಡಿದಂತೆಲ್ಲ ಅದು ಸುತ್ತಿ ವಾಚಿಗೆ ಕೀಲಿ ಕೊಡುತ್ತದೆ. ಅಸಲಿ ವಾಚಿನಲ್ಲಿ ಈ ಸುತ್ತಾಟಕ್ಕೆ ಸದ್ದೇ ಇರುವುದಿಲ್ಲವಂತೆ. ಸಾಹೇಬರದು ಅಸಲಿಯಲ್ಲ.

"ರೀ, ಅದಕ್ಕೆ ಮತ್ತೆ ಗೊರಕೆ ಶುರುವಾಯ್ತಾ?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಗೊರಕೆ ಅಲ್ವೇ. ಎಣ್ಣೆ ಕಮ್ಮಿಯಾಗಿದೆ."

"ನನ್ನ ಹೊಲಿಗೆ ಮಷೀನಿಗೂ ಎಣ್ಣೆ ಕಮ್ಮಿಯಾಗಿ ಮೂರು ವರ್ಷ ಆಯ್ತು. ಅದರ ಎದೆಗೂ ಒಂದ್ಸಲ ಕಿವಿ ಇಡಿ."

ಸಾಹೇಬರು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿಯವರೆಲ್ಲ ಸೇರಿ ಇಟ್ಟ ಹೆಸರು ತಕ್ಕಡಿ ಸಾಹೇಬರು. ಐದು ಗ್ರಾಂ ಕಮ್ಮಿ ತೂಗುವ ತಕ್ಕಡಿಯನ್ನು ಬೀದಿಯ ಆಚೆಯಿಂದಲೇ ಗುರುತು ಹಿಡಿಯುವ ಖ್ಯಾತಿ ಅವರದು. ಹೀಗೆ ದಿನವಿಡೀ ಊರಿನ ಸುಳ್ಳು ತಕ್ಕಡಿಗಳ ಬೆನ್ನು ಹತ್ತಿ, ಸಂಜೆ ಮನೆಗೆ ಬಂದು ಸುಳ್ಳು ವಾಚುಗಳ ಸೇವೆಗೆ ಕೂರುತ್ತಿದ್ದರು. (ಇದರಲ್ಲಿ ಏನೋ ಒಂದು ಎಡವಟ್ಟಿದೆ ಎಂದು ಅವರಿಗೂ ಅನ್ನಿಸಿತ್ತು. ಆಮೇಲೆ ಅದಕ್ಕೆ ವಿಶ್ರಾಂತಿ ಎಂದು ಹೆಸರಿಟ್ಟು ಸುಮ್ಮನಾದರು.)

ಅಂಥವು ಹನ್ನೊಂದಿದ್ದವು. ಹೆಂಡತಿ ಅವನ್ನು ಡೂಪ್ಲಿಕೇಟ್ ಎನ್ನುತ್ತಿದ್ದಳು. ಸಾಹೇಬರು ಪ್ರತಿಕೃತಿ ಎನ್ನುತ್ತಿದ್ದರು, ಅದೂ ದೇವಾಲಯದ ಶಿಲ್ಪದ ಬಗ್ಗೆ ಮಾತಾಡುವವರ ಧ್ವನಿಯಲ್ಲಿ. ಕೊಂಡು ತಂದರೆ ಮುಗಿಯುತ್ತಿರಲಿಲ್ಲ. ಕೊಂಡ ಮೇಲೆಯೇ ಕೆಲಸ. ಮುಳ್ಳಿನ ಬಣ್ಣ ತುಸು ಹೆಚ್ಚು ನೀಲಿಯೆ? ಬದಲಿಸಬೇಕು. ತಾರೀಕಿನ ಮೇಲಿನ ಗಾಜು ಅಂಕಿಯನ್ನು ಸಾಕಷ್ಟು ದೊಡ್ಡದು ಮಾಡುತ್ತಿಲ್ಲವೆ? ಕಿತ್ತು ಬೇರೆಯದನ್ನು ಅಂಟಿಸಬೇಕು. ಭಾನುವಾರ ವಾಚು ಬಿಚ್ಚಿದರೆಂದರೆ ಮನೆಯಲ್ಲಿ ನಿಷೇಧಾಜ್ಞೆ. ಧೂಳು ಹಾರುವುದೆಂದು ಫ್ಯಾನ್ ಹಾಕುವಂತಿಲ್ಲ, ಗಟ್ಟಿಯಾಗಿ ಸೀನುವಂತಿಲ್ಲ. ಒಮ್ಮೆ ಸಾಸಿವೆಗಿಂತ ಸಣ್ಣ ಸ್ಕ್ರೂ ಒಂದು ಹಾರಿದಾಗ, ಅದು ಸೀರೆಯ ಮಡಿಕೆಯಲ್ಲಿರಬಹುದೆಂದು ಅತ್ತೆಯನ್ನು ಒಂದೂವರೆ ಗಂಟೆ ಕುರ್ಚಿಯಿಂದ ಏಳಗೊಟ್ಟಿರಲಿಲ್ಲ. ಆಕೆಯೂ ಅದನ್ನು ಮರೆತಿರಲಿಲ್ಲ.

ಹನ್ನೊಂದರಲ್ಲಿ ಒಂದು ಪಟ್ಟದ ರಾಣಿ. ಸಮುದ್ರದಾಳಕ್ಕೆ ಧುಮುಕುವವರಿಗಾಗಿ ಮಾಡಿದ, ಹೆಸರು ಹೇಳಲು ನಾಲಿಗೆ ಎರಡು ಸಲ ಮಡಚಬೇಕಾದ ಕಂಪನಿಯ ವಾಚಿನ ಪ್ರತಿಕೃತಿ. ಎರಡು ವರ್ಷ ಸಾಹೇಬರು ಅದರ ಒಂದೊಂದೇ ದೋಷವನ್ನು ಹುಡುಕಿ ತಿದ್ದಿದ್ದರು. ಗೊರಕೆಯೂ ನಿಂತಿತ್ತು. ಹಸಿರು ಮುಖದ ಆ ವಾಚನ್ನು ಕಟ್ಟಿಕೊಂಡು ಹೊರಟರೆ ಎಡಗೈಯನ್ನು ಎದೆಯ ಮಟ್ಟದಿಂದ ಕೆಳಗೆ ಇಳಿಸುತ್ತಿರಲಿಲ್ಲ.

ಆಪತ್ತು ಬಂದದ್ದು ಇದೇ ರಾಣಿಯಿಂದ. ಹಿರಿಯ ಇನ್ಸ್‌ಪೆಕ್ಟರಾಗಿ ಬಡ್ತಿಯ ಆದೇಶ ಸಹಿಗೆ ಹೋಗಿತ್ತು. ಅಷ್ಟರಲ್ಲಿ ಇಲಾಖೆಗೆ ಬರೆದವರ ಹೆಸರಿಲ್ಲದ ಒಂದು ಮೂಕರ್ಜಿ ಬಂತು: ಒಬ್ಬ ಇನ್ಸ್‌ಪೆಕ್ಟರ ಕೈಯಲ್ಲಿ ಕಾರಿನ ಬೆಲೆಯ ವಾಚು ಹೇಗೆ ಬಂತು? ಯಾವ ತಕ್ಕಡಿಯಲ್ಲಿ ತೂಗಿಸಿಕೊಂಡರು?

ಬಡ್ತಿ ನಿಂತಿತು. ಭಾನುವಾರ ವಿಚಾರಣಾಧಿಕಾರಿ ವಾಚು ಬಲ್ಲವರೊಬ್ಬರನ್ನು ಕರೆದುಕೊಂಡು ಮನೆಗೇ ಬರುತ್ತಾರೆಂದು ಕಾಗದ ಬಂತು. ವಾಚು ಅಸಲಿಯಾದರೆ ಅಮಾನತು.

"ಯಾರು ಈ ಕೆಲಸ ಮಾಡಿದ್ದು?" ಎಂದು ಸಾಹೇಬರು ಕಾಗದ ಹಿಡಿದು ಹಾಲಿನ ತುಂಬ ಓಡಾಡಿದರು. "ಕೇಳಿದವರಿಗೆಲ್ಲ ಪ್ರತಿಕೃತಿ ಅಂತ ನಾನೇ ಬಾಯಿಬಿಟ್ಟು ಹೇಳ್ತೀನಲ್ಲ!"

ಹೆಂಡತಿ ಮಡಿಸಿದ ಟವಲನ್ನೇ ಮತ್ತೆ ಬಿಚ್ಚಿ ಮಡಿಸಿದಳು.

"ಏನೇ?"

"ಪಕ್ಕದ ಮನೆಯವಳು ಹೊಸ ಕಾರು, ಹೊಸ ಕಾರು ಅಂತ ನನ್ನ ಕಿವಿ ತಿಂದಳು ರೀ. ನಮ್ಮೆಜಮಾನ್ರ ಕೈಗೆ ಕಟ್ಟಿರೋದೇ ಅಷ್ಟು ಬೆಲೆದು ಅಂದುಬಿಟ್ಟೆ."

"ಅಂದುಬಿಟ್ಯಾ?"

"ಒಂದೇ ಸಲ."

"ನೀನು ಡೂಪ್ಲಿಕೇಟ್ ಅಂತಿದ್ದೆಯಲ್ಲೇ, ದಿನಾ ಬೆಳಿಗ್ಗೆ!"

"ಅದು ಮನೆ ಒಳಗಿನ ಮಾತು. ಹೊರಗೆ ಗಂಡನ್ನ ಬಿಟ್ಟುಕೊಡೋಕ್ಕಾಗುತ್ತಾ?"

ಸಾಹೇಬರಿಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅದರ ಬೆನ್ನಿಗೇ ಇನ್ನೊಂದು ಯೋಚನೆಯೂ ಬಂತು: ಕಾರಿನ ಮನೆಯವರು ನಂಬಿದರಲ್ಲ!

ಭಾನುವಾರ ಹತ್ತಕ್ಕೆ ಇಬ್ಬರೂ ಬಂದರು. ವಿಚಾರಣಾಧಿಕಾರಿ ಕಡತ ಹಿಡಿದ, ಬೆವರೊರೆಸಿಕೊಳ್ಳುವ ಸ್ಥೂಲಕಾಯರು. ಜೊತೆಯಲ್ಲಿ ನಲವತ್ತು ವರ್ಷದಿಂದ ವಾಚು ರಿಪೇರಿ ಮಾಡಿ ಬೆನ್ನು ಬಾಗಿದ ಒಬ್ಬ ಅಜ್ಜ. ಸಾಹೇಬರು ಒದ್ದೆ ಕೈ ಒರೆಸಿಕೊಳ್ಳುತ್ತ, ವಾಚಿನ ಪಟ್ಟಿ ಬಿಗಿದುಕೊಳ್ಳುತ್ತ ಎದುರುಗೊಂಡರು. ಅತ್ತೆ ಬಂದು ಸರಿಯಾಗಿ ನಡುವೆ ಕೂತರು.

"ಬೇಗ ನೋಡಿ ಹೇಳಿ. ಇವತ್ತು ಫ್ಯಾನಾದ್ರೂ ಹಾಕಿದ್ದಾರೆ," ಎಂದರು ಆಕೆ.

ಸಾಹೇಬರು ವಾಚು ಬಿಚ್ಚಿ ಬಿಳಿ ಬಟ್ಟೆಯ ಮೇಲಿಟ್ಟರು. ಅಜ್ಜ ಕೈಚೀಲ ಬಿಚ್ಚಲಿಲ್ಲ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜು ತೆಗೆಯಲಿಲ್ಲ. ವಾಚನ್ನು ಮುಟ್ಟಲೂ ಇಲ್ಲ.

"ನಕಲಿ," ಎಂದವರು ಚಹಾದ ಲೋಟ ಎತ್ತಿಕೊಂಡರು.

ಹೆಂಡತಿ ಉಸಿರು ಬಿಟ್ಟಳು. ಅಧಿಕಾರಿಗೂ ಭಾರ ಇಳಿದಂತಾಯಿತು, ನಗುತ್ತಲೇ ಬರೆಯತೊಡಗಿದರು. "ಪರಿಶೀಲಿಸಲಾಗಿ ಸದರಿ ವಾಚು ಕಳಪೆ ದರ್ಜೆಯ ನಕಲಿ ಎಂದು ಕಂಡುಬಂದಿದೆ. ಇಲ್ಲೊಂದು ಸಹಿ ಹಾಕಿ ಸಾರ್. ನಾಳೇನೇ ಬಡ್ತಿ."

ಸಾಹೇಬರು ಪೆನ್ನು ತೆಗೆದುಕೊಂಡರು. ಒಂದು ಸಲ ಓದಿದರು. ಇನ್ನೊಂದು ಸಲ ಓದಿದರು.

"ಸಾರ್, ಈ ಕಳಪೆ ಅನ್ನೋದು..."

"ಏನು ಅದಕ್ಕೆ?"

"ಅದೊಂದು ಬೇಡ ಸಾರ್. ಉತ್ತಮ ದರ್ಜೆಯ ನಕಲಿ ಅಂತ ಬರೀರಿ. ಇಲ್ಲ, ಬರೀ ನಕಲಿ ಅಂದ್ರೂ ಸಾಕು."

"ಉತ್ತಮ ಅಂತ ಬರೆದ್ರೆ ಎಷ್ಟು ಉತ್ತಮ ಅಂತ ಮೇಲಿನವರು ಕೇಳ್ತಾರೆ. ಮತ್ತೆ ವಿಚಾರಣೆ. ಕಳಪೆ ಅಂದ್ರೆ ಫೈಲು ಅಲ್ಲಿಗೇ ಮುಚ್ಚುತ್ತೆ. ನಿಮ್ಮ ಒಳ್ಳೇದಕ್ಕೇ ಬರೆದಿದ್ದು."

"ಹಾಕಿ ರೀ," ಎಂದು ಹೆಂಡತಿ ಮೇಜಿನ ಕೆಳಗೆ ಕಾಲು ತುಳಿದಳು. ತುಳಿದದ್ದು ಅಧಿಕಾರಿಯ ಕಾಲು. ಅವರು ಸೌಜನ್ಯದಿಂದ ಸುಮ್ಮನಿದ್ದರು.

ಪೆನ್ನು ಕಾಗದದ ಮೇಲೆ ಒಂದು ಅಂಗುಲ ಎತ್ತರದಲ್ಲಿ ನಿಂತಿತ್ತು. ಎರಡು ವರ್ಷದ ಭಾನುವಾರಗಳು ಸಾಹೇಬರ ಕಣ್ಣ ಮುಂದೆ ಸಾಲುಗಟ್ಟಿದವು. ಅವರು ಪೆನ್ನಿಟ್ಟು ಅಜ್ಜನ ಕಡೆ ತಿರುಗಿದರು.

"ಅಲ್ಲ ಯಜಮಾನ್ರೇ, ನೀವು ನೋಡಲೇ ಇಲ್ವಲ್ಲ! ಸೆಕೆಂಡಿನ ಮುಳ್ಳು ನೋಡಿ, ಬೆಣ್ಣೆ ಮೇಲೆ ಜಾರಿದ ಹಾಗೆ ಹೋಗುತ್ತೆ. ಈ ಅಂಕಿಗಳ ಅಂಚು ನೋಡಿ. ಹಿಂದಿನ ಮುಚ್ಚಳ ತೆಗೀರಿ, ಒಂದೊಂದು ಸ್ಕ್ರೂ ತಲೇನೂ ನಾನೇ ಉಜ್ಜಿ ಹೊಳಪು ಮಾಡಿದ್ದೀನಿ. ಎಲ್ಲಿ ಕಂಡ್ತು ನಿಮಗೆ ನಕಲಿ?"

"ಅಳಿಯಂದ್ರೇ," ಎಂದರು ಅತ್ತೆ, "ಕೆಲಸ ಹೋದ್ರೆ ಇಪ್ಪತ್ನಾಲ್ಕು ಗಂಟೇನೂ ಇದನ್ನೇ ಉಜ್ಜಬಹುದು ಅಂತಾನಾ?"

ಅಜ್ಜ ಚಹಾ ಮುಗಿಸಿ, ಲೋಟವನ್ನು ನಿಧಾನವಾಗಿ ಕೆಳಗಿಟ್ಟರು. ಅವರ ಧ್ವನಿಯಲ್ಲಿ ಕೊಂಕಿರಲಿಲ್ಲ.

"ವಾಚು ಚೆನ್ನಾಗೇ ಇದೆಯಪ್ಪ. ನಾನು ವಾಚು ನೋಡ್ಲಿಲ್ಲ, ನಿಮ್ಮನ್ನ ನೋಡಿದೆ. ನಾವು ಗೇಟು ತೆಗೆದಾಗ ನೀವು ನಲ್ಲಿ ಹತ್ರ ಕೈ ತೊಳೀತಿದ್ರಿ. ವಾಚು ಬಿಚ್ಚಿ ಕಿಟಕಿ ಕಟ್ಟೆ ಮೇಲೆ, ಅದೂ ಕರವಸ್ತ್ರ ಹಾಸಿ, ಇಟ್ಟಿದ್ರಿ. ಇದರ ಅಸಲಿ ಕಟ್ಟಿದವರು ಸಮುದ್ರಕ್ಕೆ ಹಾರ್ತಾರೆ. ಕೈ ತೊಳೆಯೋಕೆ ಯಾರೂ ಬಿಚ್ಚಲ್ಲ."

ಸಾಹೇಬರ ಕಿವಿಯ ತುದಿ ಕೆಂಪಾಯಿತು.

"ಅದು ಅಭ್ಯಾಸ ಅಷ್ಟೇ. ಮುಚ್ಚಳದ ಒಳಗಿನ ರಬ್ಬರ್ ಉಂಗುರ ನಾನೇ ಬದಲಾಯಿಸಿದ್ದೀನಿ. ಗ್ರೀಸ್ ಹಚ್ಚಿದ್ದೀನಿ. ಒಂದು ಹನಿ ನೀರು ಒಳಗೆ ಹೋಗಲ್ಲ."

"ನೀರಿಗೆ ಬಿಟ್ಟು ನೋಡಿದ್ದೀರಾ?"

ನೋಡಿರಲಿಲ್ಲ. ಎರಡು ವರ್ಷದಲ್ಲಿ ನೂರು ಸಲ ಬಚ್ಚಲಿನವರೆಗೆ ಹೋಗಿ, ನೂರು ಸಲ ಧೈರ್ಯ ಸಾಲದೆ ಹಿಂದಕ್ಕೆ ಬಂದಿದ್ದರು. ಈಗ ಅವರು ಬಟ್ಟೆಯ ಮೇಲಿದ್ದ ವಾಚನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಮಣಿಕಟ್ಟಿಗೆ ಕಟ್ಟಿ, ಕೊಂಡಿ ಒತ್ತಿದರು. ಕಟಕ್ಕೆಂದಿತು.

"ಸಾರ್, ಒಂದು ಮಾತು ಹೇಳಿಬಿಡ್ತೀನಿ," ಎಂದರು ಅಧಿಕಾರಿ, ಅರ್ಧ ಎದ್ದು. "ನೀರಲ್ಲಿ ಮುಳುಗಿಸಿ ಅದು ನಿಲ್ಲದೆ ಓಡ್ತು ಅಂದ್ರೆ, ನನ್ನ ಕಣ್ಣಾರೆ ನೋಡಿ ನಾನು ಕಳಪೆ ಅಂತ ಬರೆಯೋಕಾಗಲ್ಲ. ನಿಮ್ಮ ಬಡ್ತಿ..."

"ರೀ! ಮೊದಲು ಸಹಿ ರೀ! ಆಮೇಲೆ ಬೇಕಾದ್ರೆ ಬಾವಿಗೇ ಹಾರಿ!"

"ಅದು ನಿಂತುಹೋದ್ರೆ ನಿಮಗೇ ಒಳ್ಳೇದು ಸಾರ್, ಆದ್ರೆ ಓಡಿದ್ರೆ ಮಾತ್ರ ನಾನು ಮೇಲಿನವರಿಗೆ ಏನಂತ..."

ಸಾಹೇಬರು ಎಡಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಬಲಗೈಯಲ್ಲಿ ಅಂಗಿಯ ತೋಳು ಮೊಣಕೈಯವರೆಗೆ ಮಡಿಸಿಕೊಳ್ಳುತ್ತ, ಅಧಿಕಾರಿಯ ಮಾತು ಮುಗಿಯುವ ಮುಂಚೆಯೇ ಬಚ್ಚಲುಮನೆಯ ಕಡೆ ನಡೆದುಬಿಟ್ಟರು.