ಅಳದೆ ಕೊಡಬೇಕಾದ ಕಣ್ಣೀರು

ಮಕ್ಕಳ ಕಣ್ಣೀರು ಸಂಗ್ರಹಿಸುವುದೇ ಕೆಲಸವಾದ ಮೇಲೆ ನಗು ಬರುವ ಪ್ರಸಂಗಗಳಿಗೆ ಬರವಿಲ್ಲ. ಮನೆಗೆ ಹೋಗಿ ನೆನೆದರೆ ಮಾತ್ರ ಯಾಕೋ ಆ ನಗು ಬರುವುದಿಲ್ಲ, ಅಷ್ಟೆ.

ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಸೂರತ್ತಿಗೆ ಬಂದವಳು ನಾನು. ಇಲ್ಲೊಂದು ಕಣ್ಣಾಸ್ಪತ್ರೆಯಲ್ಲಿ ಟೆಕ್ನಿಷಿಯನ್. ದೂರದ್ದು ಕಾಣದ ಮಕ್ಕಳ ಕಣ್ಣೀರಿನಲ್ಲಿ ಕಣ್ಣು ಕಾಯುವ ಆ್ಯಂಟಿಆಕ್ಸಿಡೆಂಟುಗಳು ಎಷ್ಟಿವೆ ಎಂದು ನಮ್ಮ ಡಾಕ್ಟರು ಪರೀಕ್ಷೆ ಮಾಡುತ್ತಿದ್ದಾರೆ. ಕೆಳರೆಪ್ಪೆಯೊಳಗೆ ಕಾಗದದ ಸಣ್ಣ ಪಟ್ಟಿ ಇಟ್ಟು, ಅದು ಒದ್ದೆಯಾಗುವವರೆಗೆ ಕಾಯಬೇಕು. ಆದರೆ ಮಗು ಅಳಬಾರದು. ಅತ್ತರೆ ಕಣ್ಣೀರು ತೆಳುವಾಗಿ, ಲೆಕ್ಕ ತಪ್ಪುತ್ತದೆ.

೧

ಒಬ್ಬ ಅಜ್ಜಿಗೆ ಇದು ತಿಳಿಯಲಿಲ್ಲ. ಕಣ್ಣೀರು ಬೇಕು ಎಂದದ್ದೇ ತಡ, ಮೊಮ್ಮಗನ ತೊಡೆ ಚಿವುಟಿ, "ಬೇಗ ಹಿಡೀರಿ, ಬರ್ತಾ ಇದೆ!" ಎಂದರು.

"ಅತ್ತ ಕಣ್ಣೀರು ಆಗೋದಿಲ್ಲ ಅಜ್ಜಿ, ನಾಳೆ ಬನ್ನಿ" ಎಂದೆ.

ಹುಡುಗ ಬಿಕ್ಕುತ್ತಲೇ ಅಜ್ಜಿಯ ಕಡೆ ತಿರುಗಿದ: "ಹಾಗಾದ್ರೆ ಚಿವುಟಿದ್ದು ವಾಪಸ್ ತಗೋ!"

೨

ಉಡುಪಿ ಕಡೆಯ ಹೋಟೆಲಿನವರೊಬ್ಬರು ಮಗಳನ್ನು ಕರೆತಂದಿದ್ದರು. "ಎಂತ ಮಾರಾಯ್ರೆ, ಇಷ್ಟೇ ಸಾಕಾ? ನಮ್ಮಲ್ಲಿ ಈರುಳ್ಳಿ ಹೆಚ್ಚುವಾಗ ಬನ್ನಿ, ಬಕೆಟ್ ಇಡ್ತೇನೆ" ಎಂದು ನಗಿಸಿದರು. ಒಂದೇ ವರ್ಷದಲ್ಲಿ ಮಗಳ ಕನ್ನಡಕದ ನಂಬರು ಇಮ್ಮಡಿಯಾಗಿದೆ ಎಂದು ಡಾಕ್ಟರು ಹೇಳಿದರು. ಅಪ್ಪ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನನ್ನದೊಂದು ಕಣ್ಣು ಇವಳಿಗೆ ಹಾಕಲಿಕ್ಕೆ ಆಗ್ತದಾ?"

ಮಗಳು ಅಪ್ಪನ ದಪ್ಪ ಕನ್ನಡಕವನ್ನೊಮ್ಮೆ ನೋಡಿ ತನ್ನ ಅರೆಬರೆ ಕನ್ನಡದಲ್ಲಿ ಹೇಳಿದಳು: "ಬೇಡ ಪಪ್ಪಾ, ನಿಂದು ಕೂಡ ಖರಾಬ್ ಉಂಟು."

೩

ಊರಂಚಿನ ಉಧ್ನಾ ಬಡಾವಣೆಯಿಂದ ಒಬ್ಬ ತಾಯಿ ಬಂದಿದ್ದಳು. ಸೀರೆಗೆ ಲೇಸು ಹೊಲಿಯುವ ಕೆಲಸ. ಗಂಡ ತೀರಿಕೊಂಡು ಕೆಲವೇ ತಿಂಗಳು. ಏಳು ವರ್ಷದ ಮಗಳಿಗೆ ಹತ್ತು ಹೆಜ್ಜೆ ಆಚೆ ನಿಂತವರ ಮುಖವೂ ಕಾಣುತ್ತಿರಲಿಲ್ಲ. ಅದು ಯಾರಿಗೂ ಗೊತ್ತೇ ಆಗಿರಲಿಲ್ಲ.

ಹುಡುಗಿ ಅಲುಗಾಡದೆ ಕೂತು ಕಣ್ಣೀರು ಕೊಟ್ಟಳು. ಆಮೇಲೆ ಅವಳಿಗೆ ಹೊಸ ಕನ್ನಡಕ ಹಾಕಿದೆ. ಬಾಗಿಲ ಬಳಿ ನಿಂತಿದ್ದ ತಾಯಿಯನ್ನೇ ನೋಡಿ ಕೇಳಿದಳು: "ಮಮ್ಮಿ, ನಿನ್ನ ಕಣ್ಣು ಯಾಕೆ ಅಷ್ಟು ಕೆಂಪು?"

"ಧೂಳು ಬಿತ್ತು, ಬೇಟಾ."

ಹುಡುಗಿ ನನ್ನತ್ತ ತಿರುಗಿದಳು: "ಆಂಟಿ, ಮಮ್ಮಿದೂ ತಗೊಳ್ಳಿ. ಪಪ್ಪ ಹೋದಾಗಿಂದ ಅವಳಿಗೆ ದಿನಾ ಧೂಳು ಬೀಳುತ್ತೆ."

ತಾಯಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ನಗುತ್ತ ನಗುತ್ತ ಕಣ್ಣೀರು ಧಾರೆಯಾಗಿ ಹರಿಯಿತು. ನಾನು ಮುಖ ತಿರುಗಿಸಿದೆ.

ಹುಡುಗಿಗೆ ಮಾತ್ರ ತಾಳ್ಮೆ ತಪ್ಪಿತು. ನನ್ನ ಕೋಟು ಹಿಡಿದೆಳೆದಳು: "ಬೇಗ ಆಂಟಿ, ಪಟ್ಟಿ ಇಡಿ! ಎಲ್ಲಾ ಸುಮ್ಮನೆ ಸೋರಿ ಹೋಗ್ತಿದೆ!"