ಚಿಗರಿ ಮರಿ ನೋಡಲು ಕೊಂಡ ದುರ್ಬೀನು

ಮಾಲು ಕೈಗೆ ಬಂದ ಮೇಲೆ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತಲೆ ನರೆತವನು ನಾನು. ಒಂದು ಹಿಡಿ ಕಾಯಿ ಎತ್ತಿ ಅಂಗೈಯಲ್ಲಿ ತೂಗಿದರೆ ಸಾಕು, ಬಿಸಿಲಲ್ಲಿ ಒಣಗಿದ್ದೋ ನೀರು ಹೊಡೆದು ತಂದದ್ದೋ ಗೊತ್ತಾಗುತ್ತದೆ. ಭಾರ ಬಂತೆಂದರೆ ನನಗೆ ಸಂಶಯವೂ ಬಂತು. ಇದೇ ಭರವಸೆಯಿಂದ ಹೆಂಡತಿಗಾಗಿ ದುರ್ಬೀನು ಕೊಳ್ಳಲು ಹೊರಟೆ.

ಹೆಂಡತಿ ಗಿರಿಜೆ ಮೇಡ್ಲೇರಿಯವಳು. ಹುಡುಗಿಯಾಗಿದ್ದಾಗ ಹೊಲದ ಬದುವಿನಲ್ಲಿ ಚಿಗರಿ ಮರಿಯನ್ನು, ಅಂದರೆ ಕೃಷ್ಣಮೃಗದ ಮರಿಯನ್ನು, ಹತ್ತಿರದಿಂದ ಕಂಡಿದ್ದಳಂತೆ. ಈಗ ಮೊಣಕಾಲು ಅವಳ ಮಾತು ಕೇಳುವುದಿಲ್ಲ, ಡಾಕ್ಟರು ಆಪರೇಶನ್ ಎಂದಿದ್ದಾರೆ. "ಆಮ್ಯಾಲ ಹೆಂಗೋ ಏನೋ, ಈಗೊಮ್ಮೆ ತೋರಿಸ್ರಿ" ಅಂದಳು. ಒಂದು ಸೀರೆಯನ್ನೂ ಬಾಯಿಬಿಟ್ಟು ಕೇಳದವಳು ಹೀಗೆ ಕೇಳಿದಾಗ ಕೂಡಲೇ ಹೂಂ ಅಂದೆ. ರಾಣೇಬೆನ್ನೂರಿನ ಕುರುಚಲು ಕಾಡಿನಂಚಿನ ದಿಬ್ಬದವರೆಗೆ ಅವಳು ನನ್ನ ಹೆಗಲು ಹಿಡಿದು ನಡೆಯಬಲ್ಲಳು. ಅಂದರೆ ಒಂದು ಹೆಗಲಿಗೆ ಅವಳು, ಇನ್ನೊಂದಕ್ಕೆ ದುರ್ಬೀನು. ಯಾವ ದುರ್ಬೀನು ಒಳ್ಳೆಯದೆಂದು ಮೊಬೈಲಿನಲ್ಲಿ ಹುಡುಕಿದರೆ ಸಿಕ್ಕವರೆಲ್ಲ ಹೊರದೇಶದ ಬೇಟೆಗಾರರು. ಬೆಟ್ಟ ಹತ್ತುವಾಗ ಭಾರ ಉಳಿಸಲು ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನೂ ಕತ್ತರಿಸುವ ಮಹನೀಯರು. ಮನೆಯ ಜಿರಳೆಯನ್ನು ಕೂಡ ಗಿರಿಜೆಯ ಕೈಯಿಂದಲೇ ಹೊಡೆಸುವ ನಾನು ಅವರ ಉಪದೇಶವನ್ನು ಶ್ರದ್ಧೆಯಿಂದ ಕೇಳಿದೆ.

ಹಾವೇರಿಯ ಅಂಗಡಿಯವನು ಎರಡು ಒಂಟಿಗಣ್ಣಿನ ದುರ್ಬೀನು ತಂದಿಟ್ಟ. ಒಂದು ದೊಡ್ಡ ಗಾಜಿನದು, ಎತ್ತಿದರೆ ರುಬ್ಬುವ ಗುಂಡಿನಷ್ಟು ಭಾರ. ಇನ್ನೊಂದು ಚಿಕ್ಕದು. ನಾನು ಎರಡನ್ನೂ ಬಿಸಿಲಿಗೆ ಒಯ್ದು, ಅಂಗೈಯಲ್ಲಿ ತೂಗಿ, ರೂಢಿಯಂತೆ ಮೂಸಿಯೂ ನೋಡಿದೆ. "ಸಾವುಕಾರ್ರ, ಕಣ್ಣಿಟ್ಟು ನೋಡೂದರೀ ಅದು" ಎಂದ. "ಗೊತ್ತೈತಿ ತಗೋ" ಎಂದು ಹಗುರವಾದದ್ದನ್ನೇ ಆರಿಸಿದೆ. ಅದನ್ನು ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡನ್ನೂ ಅಂಗಡಿಯಲ್ಲೇ ಹಗುರವಾದದ್ದು ತೆಗೆದುಕೊಂಡೆ. "ಗಾಳಿಗೆ ಅಲುಗಾಡ್ತೈತ್ರಿ" ಎಂದ. ದೊಡ್ಡದನ್ನು ಮಾರುವವರು ಹೀಗೇ ಹೇಳುತ್ತಾರೆ ಎಂದುಕೊಂಡೆ.

ದಿಬ್ಬದ ಮೇಲೆ ಸ್ಟ್ಯಾಂಡು ನಿಲ್ಲಿಸಿ, ಗಿರಿಜೆಗೆ ಮಡಚುವ ಕುರ್ಚಿ ಹಾಕಿ, ಹೆಮ್ಮೆಯಿಂದ ಸರಿದು ನಿಂತೆ. ಅವಳು ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಗಾಜಿಗಿಟ್ಟಳು.

"ಏನ್ರಿ, ಚಿಗರಿ ಕುಣ್ಯಾಕತ್ತಾವಲ್ರಿ?"

"ಕುಣಿತಾವ, ಅವುಕ್ಕ ಹುರುಪು ಜಾಸ್ತಿ."

"ಗಿಡಾನೂ ಕುಣ್ಯಾಕತ್ತಾವು."

ಸ್ಟ್ಯಾಂಡಿನ ತಿರುಪು ಬಿಗಿ ಮಾಡಿದೆ, ಅದು ಇನ್ನೂ ಅಲುಗಾಡಿತು. ಗಾಳಿ ಜೋರಾಗಿತ್ತು, ಬಿಸಿಲು ಇಳಿಯುತ್ತಿತ್ತು. ಅವಳ ಆಸೆ ನನ್ನ ಜಾಣತನದಿಂದಲೇ ಕೆಡುತ್ತದಲ್ಲ ಎನಿಸಿತು. ಗಿರಿಜೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. "ನೀವು ಕೆಳಗ ಕುಂದ್ರಿ. ಮೂರೂ ಕಾಲು ತಬ್ಬಿ ಹಿಡೀರಿ. ಉಸರು ಸಾವಕಾಶ ಬಿಡ್ರಿ."

ಕುಳಿತು ತಬ್ಬಿಕೊಂಡೆ. ನನ್ನ ಮೈಭಾರದ ಮುಂದೆ ಗಾಳಿಯ ಆಟ ನಡೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಕೈ ನನ್ನ ತಲೆಯ ಮೇಲೆ ಬಂತು. "ಮರಿ ಬಂತ್ರಿ. ತಾಯಿ ಮಗ್ಗಲಕ ನಿಂತೈತಿ. ಅದರ ಕಿವಿ ನೋಡ್ರಿ" ಎಂದಳು. ದನಿ ಒದ್ದೆಯಾಗಿತ್ತು. ನನಗೆ ಕಾಣುತ್ತಿದ್ದದ್ದು ಅವಳ ಸೀರೆಯ ನೆರಿಗೆ ಮತ್ತು ಒಂದು ಜಾಲಿಮುಳ್ಳು. "ಚಂದ ಐತಿ" ಎಂದೆ. ನನಗೂ ತುಸು ತೋರಿಸು ಎಂದು ಕೇಳಿದ್ದಕ್ಕೆ, "ನೀವು ಎದ್ದರ ಅಲುಗಾಡ್ತೈತ್ರಿ" ಎಂದಳು. ಬೆಳಕು ಹೋಗುವವರೆಗೂ ಅವಳು ಕಣ್ಣು ತೆಗೆಯಲಿಲ್ಲ.

ನನ್ನ ಆಯ್ಕೆ ಸರಿಯಾಗಿಯೇ ಇತ್ತೆಂದು ಈಗಲೂ ಹೇಳುತ್ತೇನೆ. ಪೇಟೆಯಲ್ಲಿ ಯಾರೇ ಕೇಳಲಿ, ಹಗುರವಾದದ್ದನ್ನೇ ಕೊಳ್ಳಿ ಎನ್ನುತ್ತೇನೆ. ಅದರ ಬುಡಕ್ಕೊಬ್ಬ ಗಂಡನನ್ನು ಹೊಂದಿಸಿಕೊಳ್ಳುವುದು ಅವರಿಗೆ ಬಿಟ್ಟದ್ದು. ಮರಿ ಹೇಗಿತ್ತೆಂದು ಮಾತ್ರ ನೀವು ಗಿರಿಜೆಯನ್ನೇ ಕೇಳಬೇಕು.