ಮೂಳೆಯಿಲ್ಲದ ಜಟ್ಟಿಗೆ, ನಮ್ಮ ಉಯ್ಯಾಲೆಯ ವಿಷಯವಾಗಿ

ನೀಲಿ ಚಡ್ಡಿಯ ಜಟ್ಟಿಯವರಿಗೆ,
ಎತ್ತರದ ತಾರಸಿ,
ನಮ್ಮ ಮನೆಯ ಟಿ.ವಿ.ಯ ಒಳಗೆ.

ಮಾನ್ಯರೇ,

ಜಯನಗರ ಏಳನೇ ಬ್ಲಾಕಿನ ಸತ್ಯಭಾಮಾ ಸೇತುರಾಮ ಎನ್ನುವ ನಾನು, ವಯಸ್ಸು ಎಪ್ಪತ್ತೊಂದು, ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್, ಮನೆಗೆ ಹಿರಿಯಳು, ನಮ್ಮ ಅಡ್ಡರಸ್ತೆಯಲ್ಲಿ ಯಾರ ಮನೆಯ ನಾಮಕರಣಕ್ಕೂ ಮೊದಲ ಕರೆ ಬರುವುದು ಯಾರಿಗೋ ಅವಳೇ, ತಮಗೆ ನಮಸ್ಕಾರ ತಿಳಿಸಿ ಈ ಪತ್ರ ಬರೆಯುತ್ತಿದ್ದೇನೆ. ಕಳೆದ ಭಾನುವಾರ ಒಂದೇ ದಿನದಲ್ಲಿ ಇಪ್ಪತ್ತಾರು ಸಲ ತಾರಸಿಯಿಂದ ಬಿದ್ದವರ ಕ್ಷೇಮ ಎಷ್ಟಿರಬಹುದೋ ಅಷ್ಟು ಕ್ಷೇಮದಿಂದ ತಾವು ಇದ್ದೀರೆಂದು ನಂಬಿದ್ದೇನೆ.

ತಾವು ನಮ್ಮ ಮನೆಗೆ ಬಂದದ್ದು ನನ್ನ ಮೊಮ್ಮಗಳು ತನ್ಮಯಿಯ ಮೂಲಕ. ಒಂಬತ್ತನೇ ಕ್ಲಾಸು, ಗಣಿತದಲ್ಲಿ ಚುರುಕು, ಬಾಯಲ್ಲಿ ಅದಕ್ಕಿಂತ ಚುರುಕು. ಟಿ.ವಿ.ಯಲ್ಲಿ ಆಡುವ ತಮ್ಮ ವಿಡಿಯೋ ಗೇಮಿನ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಒಗ್ಗುವುದಿಲ್ಲವಾದ್ದರಿಂದ ನಾನು ಅದನ್ನು ಜೋಲಾಟ ಎಂದು ಕರೆಯುತ್ತೇನೆ, ತಾವು ಬೇಸರ ಮಾಡಿಕೊಳ್ಳಬಾರದು. ತಮ್ಮನ್ನು ಮೊದಲ ಸಲ ನೋಡಿದಾಗ ಒದ್ದೆ ಪಂಚೆಯನ್ನು ಯಾರೋ ಎದ್ದು ನಿಲ್ಲು ಎಂದು ಗದರಿಸಿದ ಹಾಗೆ ಕಂಡಿತು. ಕೈ ಒಂದು ಕಡೆ, ಕಾಲು ಒಂದು ಕಡೆ, ತಲೆ ಯಾರ ಮಾತೂ ಕೇಳದ ಕಡೆ. ಇದು ಆಟವೇ ಎಂದು ನಾನು ಕೇಳಿದ್ದಕ್ಕೆ ತನ್ಮಯಿ, "ಅಜ್ಜಿ, ಇದ್ರಲ್ಲಿ ಲಕ್ಕೇ ಇಲ್ಲ. ಪೂರ್ತಿ ಫಿಸಿಕ್ಸು, ಲಾಜಿಕ್ಕು, ಸ್ಟ್ರಾಟಜಿ. ನಿಮ್ಮ ಚೌಕಾಬಾರದ ಥರ ಕವಡೆ ಬಿದ್ದ ಹಾಗೆ ಕುಣಿಯೋ ಆಟ ಅಲ್ಲ" ಎಂದಳು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯ ಬಂದರೆ ಚೌಕಾಬಾರದ ಮಣೆ ಹಾಸುವುದು ನನ್ನ ಅತ್ತೆಯವರ ಕಾಲದಿಂದ ಬಂದ ಪದ್ಧತಿ. ಗೆದ್ದವರ ಮಾತು ನಡೆಯುತ್ತದೆ. ನಲವತ್ತೊಂದು ವರ್ಷದಿಂದ ನನ್ನ ಮಾತೇ ನಡೆದಿದೆ, ಅದನ್ನು ಯಾರೂ ಅದೃಷ್ಟ ಎಂದಿರಲಿಲ್ಲ. ಆಟಕ್ಕೆ ನಮ್ಮಲ್ಲಿ ಒಂದು ಶಿಸ್ತೂ ಇದೆ: ಕವಡೆ ಕೈಬಿಟ್ಟು ಕಾಯಿ ನಡೆಸಿದ ಮೇಲೆ ಎರಡೂ ಕೈ ಮಡಿಲಿನಲ್ಲಿರಬೇಕು, ಎದುರಿನವರ ಸರದಿ ಮುಗಿಯುವವರೆಗೆ ಅಲುಗಾಡಬಾರದು. ಮಕ್ಕಳಿಗೆಲ್ಲ ನಾನು ಇದನ್ನು ಅಕ್ಷರಾಭ್ಯಾಸಕ್ಕೆ ಮೊದಲೇ ಕಲಿಸಿದ್ದೇನೆ.

ಈ ಸಲ ಬಂದ ವಿಷಯ ನಮ್ಮ ಮನೆಯ ಹಾಲ್‌ನ ನಡುವೆ ನನ್ನ ಮದುವೆಯ ವರ್ಷದಿಂದ ತೂಗುತ್ತಿರುವ ಉಯ್ಯಾಲೆ. ಬೀಟೆ ಮರದ ಹಲಗೆ, ಹಿತ್ತಾಳೆ ಸರಪಳಿ. ಸಾಯಂಕಾಲ ನಾಲ್ಕಕ್ಕೆ ನಾನು ಅದರ ಮೇಲೆ ಕೂತರೆ ಮನೆಯ ಕೆಲಸ ಒಂದು ಹದಕ್ಕೆ ಬರುತ್ತದೆ. ಅಡುಗೆಮನೆಯಿಂದ ಕಾಫಿ ತರುವವರು ಉಯ್ಯಾಲೆ ಹಿಂದಕ್ಕೆ ಹೋದ ಗಳಿಗೆ ನೋಡಿ ದಾಟಬೇಕು, ನನ್ನ ಸೊಸೆ ಶುಭಾ ಹದಿನೆಂಟು ವರ್ಷದಿಂದ ನಾಲ್ಕು ಲೋಟದ ತಟ್ಟೆ ಹಿಡಿದು ಒಂದು ಹನಿ ಚೆಲ್ಲದೆ ದಾಟಿದ್ದಾಳೆ. ಅದನ್ನು ತೆಗೆಸಿಬಿಡಬೇಕು, ಹಾಲ್ ಖಾಲಿಯಾಗಬೇಕು ಎನ್ನುವುದು ತನ್ಮಯಿಯ ವಾದ. ಮಣೆ ಹಾಸು ಎಂದೆ. ಆಗಲೇ ಅವಳು ಕವಡೆಯ ಮೇಲೆ ತನಗೆ ನಂಬಿಕೆಯಿಲ್ಲ, ಬುದ್ಧಿ ಓಡುವ ಆಟದಲ್ಲಿ ತೀರ್ಮಾನವಾಗಲಿ ಎಂದು ತಮ್ಮನ್ನು ಮುಂದೆ ತಂದಳು. ನಾನು ಹಿಂಜರಿದೆ ಎಂದು ನಾಳೆ ಯಾರೂ ಹೇಳಬಾರದು ನೋಡಿ, ಒಪ್ಪಿಕೊಂಡೆ. ಮೂರು ಸುತ್ತು, ತಾರಸಿಯಿಂದ ಮೊದಲು ಬಿದ್ದವರು ಸೋತ ಹಾಗೆ. ಅವಳು ಕೆಂಪು ಚಡ್ಡಿಯವರು, ನಾನು ತಾವು.

ಮೊದಲನೆಯ ಸುತ್ತಿನಲ್ಲಿ ನಾನು ರಿಮೋಟಿನ ಒಂದು ಗುಂಡಿ ಒತ್ತಿದೆ. ತಾವು ಬಲಗೈ ಎತ್ತಿದಿರಿ, ಚೆನ್ನಾಗಿಯೇ ಎತ್ತಿದಿರಿ. ನನ್ನ ಸರದಿ ಮುಗಿಯಿತೆಂದು ನಾನು ರಿಮೋಟನ್ನು ಮಡಿಲಿನಲ್ಲಿಟ್ಟು ಕೂತೆ. (ತನ್ಮಯಿ ಅದನ್ನು ಕಂಟ್ರೋಲರ್ ಎನ್ನುತ್ತಾಳೆ. ಅದು ಯಾವುದನ್ನೂ ಕಂಟ್ರೋಲ್ ಮಾಡಿದ್ದನ್ನು ನಾನು ನೋಡಿಲ್ಲ.) ಕೆಂಪು ಚಡ್ಡಿಯವರು ಎರಡು ಸರದಿ, ಮೂರು ಸರದಿ, ಹತ್ತು ಸರದಿ ಒಟ್ಟಿಗೇ ಆಡಿ, ಬಲಗೈ ಎತ್ತಿದ ಭಂಗಿಯಲ್ಲೇ ತಮ್ಮನ್ನು ಕೆಳಗೆ ಕಳುಹಿಸಿದರು. "ಅಜ್ಜಿ, ಇಲ್ಲಿ ಸರದಿ ಇರಲ್ಲ" ಎಂದು ಆಮೇಲೆ ಹೇಳಿದಳು. ಎರಡನೆಯ ಸುತ್ತಿನಲ್ಲಿ ಇದ್ದ ಗುಂಡಿಗಳನ್ನೆಲ್ಲ ಒತ್ತಿದೆ. ತಾವಿಬ್ಬರೂ ಬಹಳ ದಿನದ ಮೇಲೆ ಸಿಕ್ಕ ಬೀಗರ ಹಾಗೆ ತಬ್ಬಿಕೊಂಡು ಉರುಳಿದಿರಿ, ಕೆಂಪು ಚಡ್ಡಿಯವರು ಕೂದಲೆಳೆಯಷ್ಟು ಮೊದಲು ನೆಲ ಸೇರಿದರು. ಸಮ ಸಮ.

ಇನ್ನು ಮೂರನೆಯ ಸುತ್ತು. ನಾನು ಒಂದು ಗುಂಡಿ ಒತ್ತಿ, ರಿಮೋಟನ್ನು ಮಡಿಲಿನಲ್ಲಿಟ್ಟು, ಕೈ ಕಟ್ಟಿ ಕೂತೆ. ಯಾಕೆ ಹಾಗೆ ಮಾಡಿದೆ ಎನ್ನುವುದು ನನಗೆ ಸೇರಿದ ವಿಷಯ. ತಾವು ಮೊಣಕಾಲು ಮಡಚಿ ಮೆಲ್ಲಗೆ ಕುಸಿಯತೊಡಗಿದಿರಿ. ಕೆಂಪು ಚಡ್ಡಿಯವರು ತಾರಸಿಯ ಆ ತುದಿಯಿಂದ ಓಡಿಬಂದು, ಹಾರಿ, ತಮ್ಮ ತಲೆ ಇರಬೇಕಾದ ಜಾಗಕ್ಕೆ ಎರಡೂ ಕಾಲಿನಿಂದ ಒದ್ದು, ಅಲ್ಲಿ ಯಾರೂ ಇಲ್ಲದ್ದರಿಂದ ಹಾಗೆಯೇ ಮುಂದಕ್ಕೆ ಹೋಗಿಬಿಟ್ಟರು. ತಾವು ಊಟಕ್ಕೆ ಕೂತವರ ಹಾಗೆ ಅಂಚಿನಲ್ಲಿ ಕೂತಿರಿ. ಗೆಲುವು ತಮ್ಮದು ಎಂದು ಟಿ.ವಿ. ಬಣ್ಣದ ಕಾಗದ ಚೆಲ್ಲಿತು.

ಈಗ ನೋಡಿ ಸೋಜಿಗ. ಇದರಲ್ಲಿ ಲಕ್ಕೇ ಇಲ್ಲ ಎಂದವಳೇ, "ಇದು ಬರೀ ಲಕ್. ನೀವು ಏನೂ ಮಾಡ್ಲೇ ಇಲ್ಲ ಅಜ್ಜಿ" ಎಂದಳು. ಇದು ಕೈಕಾಲು ಬಡಿಯುವ ಕುರುಡಾಟ ಎಂದು ವಾರವಿಡೀ ಹೇಳಿದ್ದ ನಾನು, ಇದು ಶುದ್ಧ ಲಾಜಿಕ್ಕು, ಸ್ಟ್ರಾಟಜಿ, ಏನೂ ಮಾಡದಿರುವುದಕ್ಕೇ ಹೆಚ್ಚು ಬುದ್ಧಿ ಬೇಕು ಎಂದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ನಮ್ಮ ಯಜಮಾನರನ್ನು ತೀರ್ಪು ಕೇಳಿದೆವು. ಅವರು ಪೇಪರ್ ಕೆಳಗಿಳಿಸಿ, ಸುಮ್ಮನಿರುವ ವಸ್ತು ಸುಮ್ಮನೇ ಇರುತ್ತದೆ, ಓಡುವ ವಸ್ತು ಓಡುತ್ತಲೇ ಇರುತ್ತದೆ, ಆಟದಲ್ಲಿ ಫಿಸಿಕ್ಸ್ ಇರುವುದು ನಿಜ, ಲಾಜಿಕ್ ಇದೆಯೋ ಇಲ್ಲವೋ ಆಡಿದವರಿಗೇ ಗೊತ್ತು ಎಂದು ಹೇಳಿ ಪೇಪರ್ ಮೇಲೆತ್ತಿದರು. ನಿಯಮದ ಮೊದಲ ಅರ್ಧವನ್ನು ಅವರು ನಿವೃತ್ತಿಯಾದಂದಿನಿಂದ ಪ್ರಯೋಗದ ಮೂಲಕ ತೋರಿಸುತ್ತಲೇ ಇದ್ದಾರೆ.

ವಾದ ಜೋರಾಯಿತು. ಹಾಲ್ ಖಾಲಿ ಮಾಡಿ ದೊಡ್ಡ ಟಿ.ವಿ. ಇಟ್ಟುಕೊಳ್ಳುವ ಆಸೆ ತಾನೆ ನಿನಗೆ ಎಂದು ನಾನು ಕೇಳಿದೆ. ತನ್ಮಯಿ, "ಟಿ.ವಿ. ಯಾರಿಗೆ ಬೇಕು ಅಜ್ಜಿ. ಅಮ್ಮನ ಕಾಲು ಯಾವತ್ತಾದ್ರೂ ನೋಡಿದೀರಾ?" ಎಂದಳು. ಶುಭಾ ಅಡುಗೆಮನೆಯ ಬಾಗಿಲಲ್ಲೇ, "ಏಯ್, ಸುಮ್ನಿರೇ. ಏನಿಲ್ಲ ಅತ್ತೆ, ಅವಳಿಗೆ ಕೆಲಸವಿಲ್ಲ" ಎಂದು ಸೀರೆಯ ನೆರಿಗೆ ಸರಿಮಾಡಿಕೊಂಡಳು. ನಾನು ಸೀರೆ ಎತ್ತು ಎಂದೆ. ಎರಡೂ ಮೊಣಕಾಲಿನ ಕೆಳಗೆ, ಹಲಗೆಯ ಅಂಚು ತಗಲುವ ಎತ್ತರಕ್ಕೆ ಸರಿಯಾಗಿ, ಒಂದು ಹಳೆಯ ಕಪ್ಪು ಕಲೆ, ಅದರ ಮೇಲೊಂದು ಹೊಸ ನೀಲಿ ಕಲೆ. ಕಾಫಿ ಚೆಲ್ಲಿರಲಿಲ್ಲ, ಅದು ನಿಜ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಕೋರಿಕೆಗಳು ಹೀಗಿವೆ. ಮೂರನೆಯ ಸುತ್ತಿನಲ್ಲಿ ತಾವು ಕುಸಿದದ್ದು ನನ್ನ ಸ್ಪಷ್ಟ ಆದೇಶದ ಮೇರೆಗೆ, ನಾನು ರಿಮೋಟನ್ನು ಮಡಿಲಿನಲ್ಲಿಟ್ಟದ್ದು ಮೊದಲೇ ಹಾಕಿದ ಯೋಜನೆಯ ಭಾಗ ಎಂದು ತಾವು ಬರವಣಿಗೆಯಲ್ಲಿ, ಸಾಧ್ಯವಾದರೆ ಒಂದು ಕೈಯನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು, ರುಜು ಮಾಡಿಕೊಡಬೇಕು. ತಮ್ಮನ್ನು ತಯಾರಿಸಿದವರಿಗೆ ಹೇಳಿ ಬೆನ್ನಿಗೆ ಒಂದಾದರೂ ಮೂಳೆ ಹಾಕಿಸಿಕೊಳ್ಳಬೇಕು. ಮುಂದಿನ ದಿನಗಳಲ್ಲಿ ತಾರಸಿಯ ಮೇಲೆ ಸರದಿಯ ಪದ್ಧತಿ ಜಾರಿಗೆ ತರಬೇಕು. ಮೊದಲನೆಯದು ಬಹಳ ತುರ್ತು. ನಾನು ಗೆದ್ದೆ ಎನ್ನುವುದರಲ್ಲಿ ಅನುಮಾನ ಉಳಿದರೆ, ಸೋತದ್ದಕ್ಕೆ ಉಯ್ಯಾಲೆ ಬಿಟ್ಟುಕೊಟ್ಟಳು ಎಂದು ಈ ಅಡ್ಡರಸ್ತೆ ಹೇಳುತ್ತದೆ. ನಾನು ಯಾವತ್ತೂ ಸೋತು ಏನನ್ನೂ ಕೊಟ್ಟವಳಲ್ಲ.

ತಮ್ಮ ಉತ್ತರಕ್ಕೆ ಕಾಯದೆ ಉಳಿದದ್ದನ್ನು ಮುಗಿಸಿದ್ದೇನೆ. ಸೋಮವಾರ ಬೆಳಿಗ್ಗೆ ಇಟ್ಟಮಡುವಿನಿಂದ ವೆಲ್ಡಿಂಗ್ ಚಿನ್ನಪ್ಪನನ್ನು ಕರೆಸಿ, ನಾನೇ ಅಳತೆ ಕೊಟ್ಟು, ಉಯ್ಯಾಲೆಯನ್ನು ಹಾಲ್‌ನಿಂದ ಬಿಚ್ಚಿಸಿ ಪೋರ್ಟಿಕೋದಲ್ಲಿ, ಯಾರೂ ದಾಟಬೇಕಾಗದ ಮೂಲೆಯಲ್ಲಿ ಹಾಕಿಸಿದೆ. ಅಲ್ಲಿ ನಿಲ್ಲುತ್ತಿದ್ದ ಸ್ಕೂಟರ್ ಹೊರಗೆ ಹೋಯಿತು. ನಾಲ್ಕು ಗಂಟೆಗೆ ಶುಭಾ ಕಾಫಿ ತಂದಳು. ಹಾಲ್‌ನ ನಡುವೆ ಬಂದಾಗ ಅಭ್ಯಾಸದಿಂದ ಒಂದು ಕ್ಷಣ ನಿಂತು, ಏನೂ ಇಲ್ಲದ ಜಾಗವನ್ನು ನೋಡಿ, ಆಮೇಲೆ ನೆಟ್ಟಗೆ ನಡೆದು ಬಂದಳು. ಇಬ್ಬರೂ ಹಲಗೆಯ ಮೇಲೆ ಕೂತು ಕುಡಿದೆವು.

ಇಂತು, ತಾವು ಮುಂದಿನ ಸಲ ಬೀಳುವವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ಸತ್ಯಭಾಮಾ ಸೇತುರಾಮ

ತಾ.ಕ.: ಪಂದ್ಯದ ಮರುಪ್ರದರ್ಶನ ಆಟದೊಳಗೇ ಉಳಿದಿರುತ್ತದೆಂದೂ, ಅದರಲ್ಲಿ ಯಾರು ಯಾವ ಗುಂಡಿ ಒತ್ತಿದರು, ಯಾರು ಒತ್ತಲಿಲ್ಲ ಎನ್ನುವುದೆಲ್ಲ ಕಾಣುತ್ತದೆಂದೂ ತಿಳಿಯಿತು. ಅದನ್ನು ಅಳಿಸಿದ್ದೇನೆ. ಹೇಗೆ ಅಳಿಸಬೇಕೆಂದು ತನ್ಮಯಿಯೇ ತೋರಿಸಿಕೊಟ್ಟಳು, ಯಾಕೆ ಎಂದು ಕೇಳಲಿಲ್ಲ. ತಾವೂ ಅವಳಷ್ಟೇ ಬುದ್ಧಿವಂತರೆಂದು ಭಾವಿಸಲು ನನಗೆ ಇದುವರೆಗೆ ಯಾವ ಆಧಾರವೂ ಸಿಕ್ಕಿಲ್ಲ.